ಸ್ಟುಡಿಯೋದಲ್ಲಿ ಯಾರೂ ಪಾಠ ಮಾಡುವುದಿಲ್ಲ: ನಾನು ಕಲಿಯುತ್ತಿದ್ದೇನೆಯೇ?

ಪ್ರಶ್ನೆ
ಬರೆದವರು: ಬಿಎಫ್‌ಎ ವಿದ್ಯಾರ್ಥಿನಿ, ಮಂಡ್ಯ

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯ ತಾಲ್ಲೂಕಿನ ಒಂದು ಹಳ್ಳಿಯವಳು. ದಿನವೂ ಬೆಳಗಿನ ರೈಲು ಹಿಡಿದು ಮೈಸೂರಿಗೆ ಹೋಗಿ ಅಲ್ಲಿನ ಒಂದು ಕಲಾ ಕಾಲೇಜಿನಲ್ಲಿ ಬಿಎಫ್‌ಎ (ಲಲಿತಕಲಾ ಪದವಿ) ಓದುತ್ತಿದ್ದೇನೆ. ಫೌಂಡೇಶನ್ ವರ್ಷದಲ್ಲಿ ಸ್ಟಿಲ್ ಲೈಫ್, ಪರ್ಸ್‌ಪೆಕ್ಟಿವ್, ಅಕ್ಷರ ವಿನ್ಯಾಸ, ಜೇಡಿಮಣ್ಣಿನ ಕೆಲಸ, ಲಿನೋ ಕಟ್ ಎಂದು ಪ್ರತಿ ವಾರಕ್ಕೂ ಇಂತಿಷ್ಟು ಕೆಲಸ ಎಂಬುದು ಮೊದಲೇ ಗೊತ್ತಿರುತ್ತಿತ್ತು. ಈಗ ಗ್ರಾಫಿಕ್ಸ್, ಅಂದರೆ ಅಚ್ಚುಚಿತ್ರ ಕಲೆಯ ವಿಭಾಗವನ್ನು ಆರಿಸಿಕೊಂಡು ಮೂರು ತಿಂಗಳಾಗಿವೆ. ಮೊದಲ ಎರಡು ವಾರ ಸತುವಿನ ತಗಡನ್ನು ಸಿದ್ಧಪಡಿಸುವುದು, ಆಮ್ಲ ತಡೆಯುವ ಗ್ರೌಂಡ್ ಲೇಪ ಹಚ್ಚುವುದು, ಆಮ್ಲದಲ್ಲಿ ಇಳಿಸುವುದು, ಪ್ರೆಸ್ ತಿರುಗಿಸುವುದು ಎಲ್ಲವನ್ನೂ ತೋರಿಸಿಕೊಟ್ಟರು. ಅಂದಿನಿಂದ ಇಂದಿನವರೆಗೆ ಪಾಠ ಎನ್ನಬಹುದಾದದ್ದು ಯಾವುದೂ ನಡೆದಿಲ್ಲ. ಬೆಳಿಗ್ಗೆ ಹತ್ತರಿಂದ ಸಂಜೆಯವರೆಗೆ ಸ್ಟುಡಿಯೋ ತೆರೆದಿರುತ್ತದೆ, ನಾವು ಹನ್ನೊಂದು ಮಂದಿ ನಮ್ಮ ನಮ್ಮ ಕೆಲಸ ಮಾಡಿಕೊಳ್ಳುತ್ತೇವೆ, ಮೇಷ್ಟ್ರು ದಿನಕ್ಕೊಮ್ಮೆ ಬಂದು ಮೇಜಿನ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಂತು ಒಂದೆರಡು ಪ್ರಶ್ನೆ ಕೇಳಿ ಮುಂದಿನ ಮೇಜಿಗೆ ಹೋಗುತ್ತಾರೆ.

ಕಳೆದ ವಾರ ಮೊದಲ ಜ್ಯೂರಿ, ಅಂದರೆ ನಮ್ಮ ಕೆಲಸವನ್ನು ನೋಡಿ ಪ್ರಶ್ನಿಸುವ ಪರಿಶೀಲನೆ, ನಡೆಯಿತು. ನಮ್ಮ ತಂದೆಗೆ ಆಲೆಮನೆ ಇದೆ. ಅಲ್ಲಿಗೆ ಕಬ್ಬು ಹೇರಿಕೊಂಡು ಬರುವ ಎತ್ತಿನ ಗಾಡಿಗಳನ್ನು ವಸ್ತುವಾಗಿಟ್ಟುಕೊಂಡು ಐದು ಎಚಿಂಗ್‌ಗಳನ್ನು (ಆಮ್ಲದಿಂದ ಕೊರೆದ ತಗಡಿನ ಅಚ್ಚುಚಿತ್ರಗಳನ್ನು) ಮಾಡಿ ಗೋಡೆಗೆ ಹಾಕಿದ್ದೆ. ಅವುಗಳನ್ನು ನೋಡಿದವರೊಬ್ಬರು, “ಈ ಗಾಡಿಗಳು ಆಲೆಮನೆಗೆ ಬರುತ್ತಿವೆಯೋ, ಅಲ್ಲಿಂದ ಹೋಗುತ್ತಿವೆಯೋ?” ಎಂದು ಕೇಳಿದರು. ನನಗೆ ಉತ್ತರ ತೋಚಲಿಲ್ಲ. ಹತ್ತು ನಿಮಿಷದಲ್ಲಿ ಎಲ್ಲವೂ ಮುಗಿಯಿತು. ಕೆಲಸ ಚೆನ್ನಾಗಿದೆ ಎಂದಾಗಲಿ, ಇಲ್ಲವೆಂದಾಗಲಿ, ಮುಂದೆ ಏನು ಮಾಡಬೇಕೆಂದಾಗಲಿ ಯಾರೂ ಹೇಳಲಿಲ್ಲ.

ಮನೆಗೆ ಹೋದ ಮೇಲೆ ಅಪ್ಪ, “ಇವತ್ತೇನು ಕಲಿಸಿದರು?” ಎಂದು ಕೇಳುತ್ತಾರೆ. ಏನು ಹೇಳಬೇಕೆಂದು ತಿಳಿಯದೆ ಸುಮ್ಮನಾಗುತ್ತೇನೆ. ನನ್ನ ಸೋದರಮಾವ, “ಇದಕ್ಕಿಂತ ಒಬ್ಬ ಗುರುಗಳ ಬಳಿ ಮೈಸೂರು ಶೈಲಿಯ ಚಿತ್ರ ಕಲಿ, ಎರಡು ವರ್ಷದಲ್ಲಿ ಕೈ ಕೂರುತ್ತದೆ” ಎನ್ನುತ್ತಾರೆ. ಸ್ಟುಡಿಯೋವನ್ನೇ ಆಧಾರವಾಗಿಟ್ಟುಕೊಂಡ ಪದವಿಯ ಓದು ಹೀಗೆಯೇ ಇರುತ್ತದೆಯೇ? ಹಾಗಿದ್ದರೆ ಈ ಖಾಲಿ ಗಂಟೆಗಳಲ್ಲಿ ಕಲಿಯುವುದು ಹೇಗೆ? ಅನುಭವಸ್ಥರು ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1
ಬರೆದವರು: ಗ್ರಾಫಿಕ್ಸ್ ಕಲಾವಿದ, ಮೈಸೂರು

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ, ಏಕೆಂದರೆ ಹದಿನೆಂಟು ವರ್ಷಗಳ ಹಿಂದೆ ನಾನೂ ಇದೇ ಪ್ರಶ್ನೆಯನ್ನು ಹೊತ್ತು ಓಡಾಡಿದ್ದೇನೆ. ಈ ಓದು ಹೀಗೆಯೇ ಇರುತ್ತದೆ. ಆದರೆ ಹೀಗೆಯೇ ಇರುತ್ತದೆ ಎಂದ ಮಾತ್ರಕ್ಕೆ ಕಲಿಸುವವರ ಹೊಣೆ ಮುಗಿಯಿತೆಂದು ನಾನು ಒಪ್ಪುವುದಿಲ್ಲ. ಅದನ್ನು ಕೊನೆಯಲ್ಲಿ ಬರೆಯುತ್ತೇನೆ.

ಮೊದಲು ಜ್ಯೂರಿಯಲ್ಲಿ ಬಂದ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ನೀವು ತಗಡಿನ ಮೇಲೆ ಗಾಡಿಯನ್ನು ಬಲಕ್ಕೆ ಹೋಗುವಂತೆ ಬರೆದಿದ್ದರೆ ಅಚ್ಚಿನಲ್ಲಿ ಅದು ಎಡಕ್ಕೆ ಹೋಗುತ್ತದೆ. ಇದು ನಿಮಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೆ ಚಿತ್ರವನ್ನು ಯೋಚಿಸುವಾಗ ಈ ತಿರುವನ್ನು ಲೆಕ್ಕಕ್ಕೆ ತೆಗೆದುಕೊಂಡಿರಾ ಎಂಬುದೇ ಆ ಪ್ರಶ್ನೆ ಎಂದು ನನಗೆ ತೋರುತ್ತದೆ. ಕನ್ನಡ ಓದುವ ನಮ್ಮ ಕಣ್ಣು ಎಡದಿಂದ ಬಲಕ್ಕೆ ಸಾಗುತ್ತದೆ. ಅದೇ ದಿಕ್ಕಿನಲ್ಲಿ ಹೋಗುವ ಗಾಡಿ ಹಗುರವಾಗಿ ಹೋದಂತೆ ಕಾಣುತ್ತದೆ, ಎದುರು ದಿಕ್ಕಿನಲ್ಲಿ ಬರುವ ಗಾಡಿ ಭಾರ ಹೊತ್ತು ಬಂದಂತೆ ಕಾಣುತ್ತದೆ. ಕಬ್ಬು ತುಂಬಿದ ಗಾಡಿಗೆ ಇವೆರಡರಲ್ಲಿ ಯಾವುದು ಬೇಕೆಂದು ತೀರ್ಮಾನಿಸಬೇಕಾದವರು ನೀವು. ಮುಂದಿನ ತಗಡಿಗೆ ಕೈ ಹಾಕುವ ಮೊದಲು ಕರಡು ಚಿತ್ರವನ್ನು ಕನ್ನಡಿಯ ಮುಂದೆ ಹಿಡಿದು ನೋಡಿ. ಇಲ್ಲವೇ ಟ್ರೇಸಿಂಗ್ ಹಾಳೆಯ ಮೇಲೆ ಬರೆದು ಮಗುಚಿ ತಗಡಿಗೆ ಇಳಿಸಿ.

ನಿಮ್ಮ ತಂದೆಯವರು ಪಾಕದ ಹದವನ್ನು ಯಾವ ಪುಸ್ತಕದಿಂದಲೂ ಕಲಿತಿರಲಾರರು. ಕೊಪ್ಪರಿಗೆಯ ಮುಂದೆ ನಿಂತು, ನೊರೆಯ ಬಣ್ಣ ಬದಲಾಗುವುದನ್ನು ನೋಡಿ, ಸ್ವಲ್ಪ ಪಾಕವನ್ನು ನೀರಿಗೆ ಬಿಟ್ಟು ಬೆರಳಲ್ಲಿ ಹಿಡಿದು, ಕೆಲವು ಅಡಿಗೆ ಹಾಳಾದ ಮೇಲೆಯೇ ಅದು ಬಂದಿರುತ್ತದೆ. ಆಮ್ಲದಲ್ಲಿ ತಗಡು ತಿನ್ನಿಸಿಕೊಳ್ಳುವ ಹದವೂ ಅದೇ ಜಾತಿಯದು. ಆಮ್ಲ ಹಳೆಯದಾದಂತೆ ಅದರ ಶಕ್ತಿ ಕುಂದುತ್ತದೆ, ಬಿಸಿಲಿನ ದಿನ ಬೇಗ ತಿನ್ನುತ್ತದೆ, ಚಳಿಯ ಬೆಳಿಗ್ಗೆ ನಿಧಾನವಾಗುತ್ತದೆ. ಎರಡು ನಿಮಿಷ ಎಂದು ಯಾರಾದರೂ ಹೇಳಿಕೊಟ್ಟರೂ ಆ ಎರಡು ನಿಮಿಷ ನಿಮ್ಮ ತಗಡಿಗೆ ಸರಿಹೋಗುತ್ತದೆಂಬ ಭರವಸೆ ಇಲ್ಲ. ಅಚ್ಚುಬೆಲ್ಲದ ಮನೆಯಲ್ಲಿ ಬೆಳೆದ ನಿಮಗೆ ಅಚ್ಚಿನ ಕೆಲಸದ ಈ ಸ್ವಭಾವ ಬೇರೆಯವರಿಗಿಂತ ಬೇಗ ಅರ್ಥವಾಗಬೇಕು.

ಆದ್ದರಿಂದ ಆ ಗಂಟೆಗಳನ್ನು ಹೀಗೆ ಬಳಸಿ. ಅಂಗೈ ಅಗಲದ ಒಂದು ತಗಡಿನ ಮೇಲೆ ಅಕ್ವಾಟಿಂಟ್‌ಗೆ (ಗೆರೆಯ ಬದಲು ಬೂದಿ, ಕಪ್ಪು ಛಾಯೆಗಳನ್ನು ಮೂಡಿಸುವ ವಿಧಾನಕ್ಕೆ) ರಾಳದ ಪುಡಿ ಹಿಡಿಸಿ, ಅದನ್ನು ಆರು ಪಟ್ಟಿಗಳಾಗಿ ಭಾಗ ಮಾಡಿ. ಮೊದಲ ಪಟ್ಟಿಯನ್ನು ಆಮ್ಲ ತಾಗದಂತೆ ತಡೆಯುವ ಸ್ಟಾಪ್‌ಔಟ್ ವಾರ್ನಿಶ್‌ನಿಂದ ಪೂರ್ತಿ ಮುಚ್ಚಿಬಿಡಿ. ಉಳಿದವು ಒಟ್ಟು ಅರ್ಧ ನಿಮಿಷ, ಒಂದು, ಎರಡು, ನಾಲ್ಕು, ಎಂಟು ನಿಮಿಷ ಆಮ್ಲದಲ್ಲಿರುವಂತೆ ಒಂದೊಂದಾಗಿ ಮುಚ್ಚುತ್ತಾ ಹೋಗಿ. ಅಚ್ಚು ತೆಗೆದರೆ ಬಿಳಿಯಿಂದ ಗಾಢ ಕಪ್ಪಿನವರೆಗೆ ನಿಮ್ಮ ಸ್ಟುಡಿಯೋದ, ನಿಮ್ಮ ಆಮ್ಲದ, ನಿಮ್ಮ ಕೈಯ ಒಂದು ಅಳತೆಪಟ್ಟಿ ಸಿಗುತ್ತದೆ. ಅದನ್ನು ಮೇಜಿನ ಮುಂದೆ ಅಂಟಿಸಿಕೊಳ್ಳಿ. ಅನಂತರ ಪ್ರತಿ ತಗಡಿನ ಪ್ರತಿ ಹಂತದಲ್ಲೂ ಒಂದು ಪ್ರೂಫ್ (ಪರೀಕ್ಷಾ ಅಚ್ಚು) ತೆಗೆದು ಅದರ ಬೆನ್ನಿಗೆ ಪೆನ್ಸಿಲಿನಲ್ಲಿ ದಿನಾಂಕ, ತಿನ್ನಿಸಿದ ಸಮಯ, ಏನು ಬದಲಿಸಿದಿರಿ, ಏಕೆ ಬದಲಿಸಿದಿರಿ ಎಂಬುದನ್ನು ಬರೆಯಿರಿ. ರೆಂಬ್ರಾಂಟ್ 1653ರಲ್ಲಿ ಮಾಡಿದ ‘ಮೂರು ಶಿಲುಬೆಗಳು’ ಅಚ್ಚಿನ ಬೇರೆ ಬೇರೆ ಹಂತಗಳ ಪ್ರತಿಗಳು ಉಳಿದುಬಂದಿವೆ. ಕೊನೆಯ ಹಂತಗಳಿಗೆ ಬರುವಷ್ಟರಲ್ಲಿ ಆತ ಅದೇ ತಗಡನ್ನು ಕೆರೆದು, ಜನರನ್ನು ಅಳಿಸಿ, ಇಡೀ ದೃಶ್ಯವನ್ನು ಕತ್ತಲೆಗೆ ದೂಡಿದ್ದಾನೆ. ಮುಗಿಯಿತೆಂದುಕೊಂಡ ತಗಡನ್ನು ಮತ್ತೆ ತೆರೆಯುವ ಧೈರ್ಯ ಹೇಗಿರುತ್ತದೆಂಬುದನ್ನು ಆ ಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ತಿಳಿಯುತ್ತದೆ.

ಎರಡನೆಯ ಮಾತು, ಉಳಿದ ಹತ್ತು ಮಂದಿಯ ಬಗ್ಗೆ. ಗ್ರಾಫಿಕ್ಸ್ ಒಬ್ಬರೇ ಮಾಡುವ ಕೆಲಸವಲ್ಲ. ಒಬ್ಬರು ಮಸಿ ಒರೆಸುವಾಗ ಇನ್ನೊಬ್ಬರು ಶುದ್ಧ ಕೈಯಿಂದ ನೆನೆಸಿದ ಕಾಗದವನ್ನು ಹಾಸಬೇಕು, ಒಬ್ಬರು ಪ್ರೆಸ್ ತಿರುಗಿಸುವಾಗ ಇನ್ನೊಬ್ಬರು ಕಂಬಳಿಯನ್ನು ಎಳೆದು ಸರಿಪಡಿಸಬೇಕು. ಚಿತ್ತೂರು ಜಿಲ್ಲೆಯಿಂದ ಶಾಂತಿನಿಕೇತನಕ್ಕೆ, ಆಮೇಲೆ ಪ್ಯಾರಿಸ್ಸಿಗೆ ಹೋದ ಗ್ರಾಫಿಕ್ಸ್ ಕಲಾವಿದ ಕೃಷ್ಣ ರೆಡ್ಡಿಯವರು, ಎಣ್ಣೆಯ ಪ್ರಮಾಣ ಹೆಚ್ಚುಕಡಿಮೆ ಇರುವ ಮಸಿಗಳನ್ನು ಮೆದು ಮತ್ತು ಗಟ್ಟಿ ರೋಲರುಗಳಿಂದ ಹಚ್ಚಿ ಒಂದೇ ತಗಡಿನಿಂದ ಹಲವು ಬಣ್ಣಗಳನ್ನು ಒಮ್ಮೆಲೇ ಅಚ್ಚು ತೆಗೆಯುವ ವಿಧಾನವನ್ನು ರೂಪಿಸಿದ್ದು ಒಂಟಿಯಾಗಿ ಕುಳಿತಲ್ಲ. ಇಂಗ್ಲಿಷ್ ಕಲಾವಿದ ಹೇಟರ್ ನಡೆಸುತ್ತಿದ್ದ ‘ಅಟೆಲಿಯರ್ 17’ ಎಂಬ, ಎಲ್ಲರೂ ಒಟ್ಟಿಗೆ ಕೆಲಸ ಮಾಡುವ ಕಾರ್ಯಾಗಾರದಲ್ಲಿ. ಪಕ್ಕದವರ ತಗಡು ಏಕೆ ಕೆಟ್ಟಿತು ಎಂಬುದನ್ನು ನೋಡಿದಾಗ ನಿಮ್ಮದೊಂದು ತಗಡು ಉಳಿಯುತ್ತದೆ.

ಇನ್ನು ಕಲಿಸುವವರ ಹೊಣೆ. ಆಮ್ಲವನ್ನು ನೀರಿಗೆ ಸುರಿಯಬೇಕೇ ಹೊರತು ನೀರನ್ನು ಆಮ್ಲಕ್ಕೆ ಸುರಿಯಬಾರದು ಎಂಬಂತಹ ಸುರಕ್ಷತೆಯ ವಿಷಯಗಳನ್ನು ವಿದ್ಯಾರ್ಥಿ ತಾನಾಗಿ ಕಂಡುಕೊಳ್ಳಲೆಂದು ಬಿಡುವಂತಿಲ್ಲ. ನೈಟ್ರಿಕ್ ಆಮ್ಲದ ಹೊಗೆ ಹೊರಹೋಗಲು ಫ್ಯಾನ್ ಇದೆಯೇ, ಕೈಗವಸು, ಕನ್ನಡಕ ಇವೆಯೇ ಎಂದು ನೋಡಿ, ಇಲ್ಲದಿದ್ದರೆ ಸಂಕೋಚವಿಲ್ಲದೆ ಕೇಳಿ. ಹಾಗೆಯೇ ಜ್ಯೂರಿ ಮುಗಿದ ಮೇಲೆ ಮೇಷ್ಟ್ರ ಬಳಿ ಹೋಗಿ, “ಸರ್, ಆ ಪ್ರಶ್ನೆಯ ಬಗ್ಗೆ ಅರ್ಧ ಗಂಟೆ ಮಾತನಾಡಬೇಕು” ಎನ್ನಿ. ಸ್ಟುಡಿಯೋದ ಓದಿನಲ್ಲಿ ಪಾಠವನ್ನು ಕೇಳಿ ಪಡೆಯಬೇಕಾಗುತ್ತದೆ, ಕೇಳಿದವರಿಗೆ ಅದು ಸಿಗಲೇಬೇಕು.

ಉತ್ತರ 2
ಬರೆದವರು: ಸಾಂಪ್ರದಾಯಿಕ ಚಿತ್ರಕಲೆಯ ಅಭ್ಯಾಸಿ, ಮೈಸೂರು

ಮೇಲಿನವರ ಮಾತನ್ನು ಗೌರವಿಸುತ್ತಲೇ ನನ್ನ ಭಿನ್ನಾಭಿಪ್ರಾಯವನ್ನು ಹೇಳುತ್ತೇನೆ. ನಿಮ್ಮ ಸೋದರಮಾವನವರ ಸಲಹೆಯನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ.

ನಾನು ಗುರುಗಳ ಮನೆಯಲ್ಲಿ ಒಂಬತ್ತು ವರ್ಷ ಕಲಿತೆ. ಮೊದಲ ವರ್ಷ ಗೆರೆ ಮಾತ್ರ. ಕೈ, ಪಾದ, ಕಿರೀಟ, ಪ್ರಭಾವಳಿ, ಇವನ್ನೇ ಮತ್ತೆ ಮತ್ತೆ. ಅನಂತರ ಮಕ್ಕಿ ಸಫೇದ (ಬಿಳಿ ಪುಡಿ), ರೇವಲ್ ಚಿನ್ನಿ (ಹಳದಿ ರಾಳ) ಮತ್ತು ಅಂಟನ್ನು ಅರೆದು, ಚಿತ್ರದಲ್ಲಿ ಉಬ್ಬು ಮೂಡಿಸುವ ಲೇಪವಾದ ಗೆಸ್ಸೋ ಸಿದ್ಧಪಡಿಸುವುದು. ಮೈಸೂರು ಚಿತ್ರದ ಗೆಸ್ಸೋ ತಂಜಾವೂರಿನದರಷ್ಟು ಉಬ್ಬಿರುವುದಿಲ್ಲ. ತೆಳುವಾದ ಆ ಉಬ್ಬಿನ ಮೇಲೆ ಚಿನ್ನದ ರೇಕನ್ನು ಕೂರಿಸಿ, ಸೀರೆಯ ಅಂಚಿನ ಒಂದೊಂದು ಬುಗುಡಿಯೂ ಬೇರೆಯಾಗಿ ಕಾಣುವಂತೆ ಮಾಡಲು ಉಸಿರನ್ನೂ ಅಳತೆಯಿಂದ ಬಿಡಬೇಕಾಗುತ್ತದೆ. ಇದನ್ನು ಪ್ರಶ್ನೆ ಕೇಳಿ ಹೊರಟುಹೋಗುವವರು ಕಲಿಸಲಾರರು. ಪಕ್ಕದಲ್ಲಿ ಕುಳಿತು, ತಪ್ಪಾದ ಕ್ಷಣದಲ್ಲಿಯೇ ಕೈ ಹಿಡಿದು ತಿದ್ದುವವರು ಬೇಕು. ಅಯೋಧ್ಯೆಯ ಬಾಲರಾಮನ ವಿಗ್ರಹವನ್ನು ಕೆತ್ತಿದ ನಮ್ಮ ಊರಿನ ಅರುಣ್ ಯೋಗಿರಾಜ್ ಅವರು ಕಾಲೇಜಿನಲ್ಲಿ ಓದಿದ್ದು ಎಂಬಿಎ, ಉಳಿ ಹಿಡಿಯುವುದನ್ನು ಕಲಿತದ್ದು ಮನೆತನದ ಕೆಲಸದ ಮನೆಯಲ್ಲಿ.

ಪದವಿ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಹತ್ತೊಂಬತ್ತು ವರ್ಷದ ಹುಡುಗಿಗೆ ‘ನಿನ್ನ ವಸ್ತುವನ್ನು ನೀನೇ ಹುಡುಕಿಕೋ’ ಎಂದು ಹೇಳುವುದಕ್ಕೆ ಮೊದಲು ಕೈಯನ್ನು ಪಳಗಿಸಬೇಕು. ಈಗಿನ ಕಾಲೇಜುಗಳಲ್ಲಿ ಈ ಕ್ರಮ ತಲೆಕೆಳಗಾಗಿದೆ ಎಂಬ ನೋವು ನನಗಿದೆ.

ಉತ್ತರ 3
ಬರೆದವರು: ನಿವೃತ್ತ ಕಲಾ ಇತಿಹಾಸ ಬೋಧಕಿ, ಮೈಸೂರು

ಗುರುಮನೆಯೋ, ಕಾಲೇಜೋ ಎಂಬ ಚರ್ಚೆ ನಮ್ಮ ಊರಿಗೆ ಹೊಸತಲ್ಲ. 1886ರಲ್ಲಿ ಆಸ್ಥಾನ ಚಿತ್ರಕಾರರ ಮನೆತನದಲ್ಲಿ ಹುಟ್ಟಿದ ಕೆ. ವೆಂಕಟಪ್ಪನವರು ಮೊದಲು ಮನೆಯಲ್ಲಿ, ಆಮೇಲೆ ಮೈಸೂರಿನ ಕೈಗಾರಿಕಾ ಶಾಲೆಯಲ್ಲಿ, ಅನಂತರ ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತರು. ಮನೆತನದ ಸೂಕ್ಷ್ಮ ಗೆರೆಯಿಲ್ಲದೆ ಅವರಿಲ್ಲ, ಕಲ್ಕತ್ತೆಯಿಲ್ಲದೆ ಅವರು ಬರೆದ ಊಟಿ, ಕೊಡೈಕೆನಾಲ್‌ಗಳ ಜಲವರ್ಣ ದೃಶ್ಯಗಳೂ ಇಲ್ಲ. ಆದ್ದರಿಂದ ಉತ್ತರ 2ನ್ನು ಬರೆದವರ ಕಳಕಳಿಯನ್ನು ಅರ್ಥ ಮಾಡಿಕೊಂಡೂ, ಇವೆರಡರಲ್ಲಿ ಒಂದನ್ನು ಬಿಡಬೇಕೆಂಬ ಮಾತನ್ನು ನಾನು ಒಪ್ಪಲಾರೆ.

ವಿದ್ಯಾರ್ಥಿನಿಗೆ ನಾನು ಹೇಳಬೇಕಾದದ್ದು ನೋಡುವುದರ ಬಗ್ಗೆ. ಸ್ಟುಡಿಯೋ ಪದವಿಯಲ್ಲಿ ಕಲಾ ಇತಿಹಾಸವನ್ನು ಪರೀಕ್ಷೆಗೆ ಬರೆದು ಮರೆಯುವ ವಿಷಯವೆಂದು ಹಲವರು ಭಾವಿಸುತ್ತಾರೆ, ನನ್ನ ಇಷ್ಟು ವರ್ಷಗಳ ಬೋಧನೆಯಲ್ಲಿ ಅತ್ಯಂತ ಹೆಚ್ಚು ದುಃಖ ಕೊಟ್ಟದ್ದು ಇದೇ. ನೀವು ಓಡಾಡುವ ರೈಲು ದಿನವೂ ಶ್ರೀರಂಗಪಟ್ಟಣದಲ್ಲಿ ನಿಲ್ಲುತ್ತದೆ. ಒಂದು ಶನಿವಾರ ಅಲ್ಲಿ ಇಳಿದು ದರಿಯಾ ದೌಲತ್‌ಗೆ ಹೋಗಿ. ಪಶ್ಚಿಮ ಗೋಡೆಯ ಮೇಲೆ, ಹೈದರ್ ಮತ್ತು ಟಿಪ್ಪು ಬ್ರಿಟಿಷರನ್ನು ಸೋಲಿಸಿದ 1780ರ ಪೊಲ್ಲಿಲೂರು ಯುದ್ಧದ ಚಿತ್ರವಿದೆ. ಈಗ ನಾವು ನೋಡುವುದು ಆಮೇಲಿನ ಕಾಲದಲ್ಲಿ ಮತ್ತೆ ಬಣ್ಣ ಕಂಡ ರೂಪ, ಆದರೂ ಅದರ ಸಂಯೋಜನೆ ನಿಮ್ಮ ಕೆಲಸಕ್ಕೆ ನೇರವಾಗಿ ಸಂಬಂಧಿಸಿದ್ದು. ನೂರಾರು ಕುದುರೆಗಳು ಸಾಲುಸಾಲಾಗಿ ಒಂದೇ ದಿಕ್ಕಿಗೆ ನುಗ್ಗುತ್ತವೆ, ಅವುಗಳ ಕಾಲುಗಳ ಪುನರಾವರ್ತನೆಯಿಂದಲೇ ವೇಗ ಹುಟ್ಟುತ್ತದೆ. ಬ್ರಿಟಿಷರ ಪಡೆಯಾದರೋ ಚೌಕಾಕಾರದಲ್ಲಿ ಒತ್ತೊತ್ತಾಗಿ ನಿಂತಿದೆ. ಚಲಿಸುವುದು ಯಾವುದು, ಸಿಕ್ಕಿಬಿದ್ದಿರುವುದು ಯಾವುದು ಎಂಬುದನ್ನು ಆ ಚಿತ್ರಕಾರರು ಒಂದಕ್ಷರ ಬರೆಯದೆ ದಿಕ್ಕು ಮತ್ತು ಸಾಲುಗಳಿಂದಲೇ ಹೇಳಿದ್ದಾರೆ. ಗಾಡಿ ಬರುತ್ತಿದೆಯೋ, ಹೋಗುತ್ತಿದೆಯೋ ಎಂದು ನಿಮ್ಮನ್ನು ಕೇಳಿದವರ ಮನಸ್ಸಿನಲ್ಲಿ ಇಂತಹದೇ ಏನೋ ಇದ್ದಿರಬೇಕು.

ಜಗನ್ಮೋಹನ ಅರಮನೆಯ ಚಿತ್ರಶಾಲೆಗೂ ಹೋಗಿ. ಎಸ್. ಎಲ್. ಹಳದಂಕರ್ ಅವರ ದೀಪ ಹಿಡಿದ ಮಹಿಳೆಯ ಚಿತ್ರವನ್ನು ಈಗಲೂ ಬಹಳ ಜನ ರವಿವರ್ಮನದೆಂದು ತಿಳಿದುಕೊಂಡೇ ನೋಡಿ ಬರುತ್ತಾರೆ, ತೈಲವರ್ಣವೆಂದೂ ಭಾವಿಸುತ್ತಾರೆ. ಅದು ಜಲವರ್ಣ. ಜಲವರ್ಣದಲ್ಲಿ ಬೆಳಕನ್ನು ಮೇಲಿನಿಂದ ಹಚ್ಚುವುದಕ್ಕಿಂತ ಕಾಗದದಲ್ಲಿ ಉಳಿಸಿಕೊಳ್ಳುವುದೇ ಮುಖ್ಯ. ಬೆರಳುಗಳ ನಡುವಿನ ಆ ಕೆಂಪು ಹೊಳಪಿಗಾಗಿ ಕಲಾವಿದರು ಎಷ್ಟು ಮುಂಚಿತವಾಗಿ ಯೋಚಿಸಿರಬೇಕು ಎಂದು ಲೆಕ್ಕ ಹಾಕುತ್ತಾ ನೋಡಿ. ಅಕ್ವಾಟಿಂಟ್‌ನಲ್ಲಿ ನೀವು ಮೊದಲು ಮುಚ್ಚುವ ಪಟ್ಟಿಯೇ ಕೊನೆಗೆ ಬಿಳಿಯಾಗಿ ಉಳಿಯುವುದಲ್ಲವೇ? ಎರಡರ ಯೋಚನೆಯೂ ಒಂದೇ ಬಗೆಯದು.

ಇನ್ನೊಂದು ಸಲ ಸೋಮನಾಥಪುರಕ್ಕೆ ಹೋಗಿ. 1258ರ ಆ ಕೇಶವ ದೇವಾಲಯದ ಶಿಲ್ಪಗಳ ಕೆಳಗೆ ಮಲ್ಲಿತಮ್ಮ ಎಂಬ ಶಿಲ್ಪಿಯ ಹೆಸರು ಮತ್ತೆ ಮತ್ತೆ ಕಾಣುತ್ತದೆ. ಅವನ ಕೈ ಮತ್ತು ಪಕ್ಕದವನ ಕೈ ಎಲ್ಲಿ ಬೇರೆಯಾಗುತ್ತದೆ ಎಂಬುದನ್ನು ಪೆನ್ಸಿಲ್ ಹಿಡಿದು ಗುರುತಿಸಲು ಯತ್ನಿಸಿ. ಫೋಟೋ ತೆಗೆದುಕೊಂಡು ಬರಬೇಡಿ, ಅಲ್ಲಿಯೇ ಕುಳಿತು ಬರೆಯಿರಿ.

ಉತ್ತರ 4
ಬರೆದವರು: ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ, ಮಂಡ್ಯ

ಕಲೆಯ ಬಗ್ಗೆ ಹೇಳುವಷ್ಟು ತಿಳಿವಳಿಕೆ ನನಗಿಲ್ಲ. ಮಗ ಶಿಲ್ಪ ವಿಭಾಗದಲ್ಲಿ ಓದಿದ್ದರಿಂದ ಮನೆಯ ಕಡೆಯ ಮಾತನ್ನು ಬರೆಯುತ್ತಿದ್ದೇನೆ. ಫೀಸಿಗಿಂತ ಸಾಮಗ್ರಿಯ ಖರ್ಚು ಹೆಚ್ಚು ಕಾಡುತ್ತದೆ ಎಂಬುದನ್ನು ನಿಮ್ಮ ತಂದೆಯವರಿಗೆ ಮೊದಲೇ ಹೇಳಿಬಿಡಿ. ಕಾಗದ, ತಗಡುಗಳನ್ನು ನಾಲ್ಕೈದು ಮಂದಿ ಸೇರಿ ಒಟ್ಟಿಗೆ ತರಿಸಿದರೆ ಸ್ವಲ್ಪ ಉಳಿಯುತ್ತದೆ. ಕರ್ನಾಟಕ ಲಲಿತಕಲಾ ಅಕಾಡೆಮಿ ಕಲಾ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಕೊಡುತ್ತದೆ, ಪ್ರಕಟಣೆ ಬಂದಾಗ ತಪ್ಪದೆ ಅರ್ಜಿ ಹಾಕಿ.

ಅಪ್ಪ ಕೇಳುವ ಪ್ರಶ್ನೆಯ ವಿಷಯದಲ್ಲಿ ಒಂದು ಮಾತು. ನಮ್ಮ ಮನೆಯಲ್ಲಿಯೂ ಅವನ ತಂದೆ ಎರಡು ವರ್ಷ ಹೀಗೆಯೇ ಕೇಳುತ್ತಿದ್ದರು, ಅವನು ಸಿಡುಕುತ್ತಿದ್ದ. ಒಂದು ದಿನ ಕಾಲೇಜಿನ ವಾರ್ಷಿಕ ಪ್ರದರ್ಶನಕ್ಕೆ ನಮ್ಮನ್ನು ಕರೆದುಕೊಂಡು ಹೋದ. ಅಲ್ಲಿ ಮುಗಿದ ಶಿಲ್ಪದ ಮುಂದೆ ಅವನ ತಂದೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಒಳಗಿನ ಸ್ಟುಡಿಯೋಕ್ಕೆ ಹೋಗಿ, ಒಡೆದುಹೋದ ಅಚ್ಚುಗಳು, ತಂತಿಯ ಹಂದರ, ಒದ್ದೆ ಗೋಣಿಯಲ್ಲಿ ಸುತ್ತಿಟ್ಟ ಮಣ್ಣು ಇವನ್ನೆಲ್ಲಾ ನೋಡಿ, “ಇಷ್ಟು ಕೆಲಸ ಮಾಡುತ್ತೀಯೇನೋ?” ಎಂದರು. ಅಂದಿನಿಂದ ಆ ಪ್ರಶ್ನೆ ನಿಂತಿತು. ನಿಮ್ಮ ತಂದೆಯವರನ್ನೂ ಒಂದು ದಿನ ಪ್ರೆಸ್ ಇರುವ ಕೋಣೆಗೇ ಕರೆದುಕೊಂಡು ಹೋಗಿ.

ಮರುಬರಹ
ಬರೆದವರು: ಬಿಎಫ್‌ಎ ವಿದ್ಯಾರ್ಥಿನಿ, ಮಂಡ್ಯ

ಇಷ್ಟು ಸಮಯ ಕೊಟ್ಟು ಬರೆದ ಎಲ್ಲರಿಗೂ ಮನಸ್ಸು ತುಂಬಿ ಧನ್ಯವಾದಗಳು. ಈ ಹತ್ತು ದಿನಗಳಲ್ಲಿ ನಡೆದದ್ದನ್ನು ತಿಳಿಸಬೇಕೆನಿಸಿತು.

ಅಕ್ವಾಟಿಂಟ್‌ನ ಅಳತೆಪಟ್ಟಿಯನ್ನು ಮಾಡಿದೆ. ಮೊದಲನೆಯದರಲ್ಲಿ ರಾಳ ಸರಿಯಾಗಿ ಕಾಯದೆ, ಪೂರ್ತಿ ಮುಚ್ಚಿದ್ದೊಂದನ್ನು ಬಿಟ್ಟು ಎಲ್ಲ ಪಟ್ಟಿಗಳೂ ಒಂದೇ ಬೂದಿ ಬಣ್ಣಕ್ಕೆ ತಿರುಗಿದವು, ಎರಡನೆಯದರಲ್ಲಿ ನಾಲ್ಕು ನಿಮಿಷ ಮತ್ತು ಎಂಟು ನಿಮಿಷದ ಪಟ್ಟಿಗಳ ನಡುವೆ ವ್ಯತ್ಯಾಸವೇ ಕಾಣಲಿಲ್ಲ. ನಮ್ಮ ಆಮ್ಲದಲ್ಲಿ ನಾಲ್ಕು ನಿಮಿಷಕ್ಕೇ ಕಪ್ಪು ಪೂರ್ತಿಯಾಗುತ್ತದೆ ಎಂದು ತಿಳಿಯಿತು. ಇದನ್ನು ಮೇಷ್ಟ್ರಿಗೆ ತೋರಿಸಿದಾಗ ಅವರು ಕುರ್ಚಿ ಎಳೆದುಕೊಂಡು ಕುಳಿತು ಒಂದು ಗಂಟೆ ಮಾತನಾಡಿದರು. ಮೂರು ತಿಂಗಳಲ್ಲಿ ಅವರು ನನ್ನ ಮೇಜಿನ ಬಳಿ ಕುಳಿತದ್ದು ಅದೇ ಮೊದಲು. ಹೊಗೆ ಹೋಗುವ ಫ್ಯಾನ್ ಕೆಟ್ಟಿರುವುದನ್ನು ನಾವು ಹನ್ನೊಂದು ಮಂದಿಯೂ ಸಹಿ ಮಾಡಿ ಬರೆದುಕೊಟ್ಟಿದ್ದೇವೆ.

ಶನಿವಾರ ದರಿಯಾ ದೌಲತ್‌ಗೆ ಹೋಗಿದ್ದೆ. ಕುದುರೆಗಳ ಕಾಲುಗಳನ್ನು ಬರೆಯುತ್ತಾ ಕುಳಿತವಳಿಗೆ ನನ್ನ ಚಿತ್ರದಲ್ಲಿ ಎತ್ತುಗಳ ಕಾಲೇ ಕಾಣುವುದಿಲ್ಲ ಎಂಬುದು ಹೊಳೆಯಿತು. ಅವೆಲ್ಲವನ್ನೂ ಕಬ್ಬಿನ ಸೋಗೆಯಿಂದ ಮುಚ್ಚಿಬಿಟ್ಟಿದ್ದೆ. ಎತ್ತುಗಳ ಕಾಲು ಬರೆಯಲು ಬಾರದ್ದರಿಂದ ಹಾಗೆ ಮಾಡಿದ್ದೆನೆಂದು ಈಗ ಒಪ್ಪಿಕೊಳ್ಳುತ್ತೇನೆ. ಗುರುಮನೆಯ ಬಗ್ಗೆ ಬರೆದವರು ಹೇಳಿದ ಕೈ ಪಳಗುವ ಮಾತು ಇಲ್ಲಿ ನನಗೆ ತಾಗಿತು. ಪದವಿಯನ್ನು ಬಿಡುವುದಿಲ್ಲ, ಆದರೆ ಭಾನುವಾರಗಳಂದು ಅವರಂತಹವರ ಬಳಿ ಗೆರೆಯ ಅಭ್ಯಾಸಕ್ಕೆ ಹೋಗಬಹುದೇ ಎಂದು ವಿಚಾರಿಸುತ್ತಿದ್ದೇನೆ.

ಅಪ್ಪ ಆಲೆ ನಿಂತ ಮೇಲೆ ಸ್ಟುಡಿಯೋಕ್ಕೆ ಬರುತ್ತೇನೆ ಎಂದಿದ್ದಾರೆ. ಅಷ್ಟರೊಳಗೆ ಆರನೆಯ ತಗಡನ್ನು ಮುಗಿಸಬೇಕು. ಇದರಲ್ಲಿ ಗಾಡಿ ಬಲದಿಂದ ಎಡಕ್ಕೆ, ಆಲೆಮನೆಯ ಕಡೆಗೆ ಬರುತ್ತಿದೆ; ತಗಡಿನ ಮೇಲೆ ಅದನ್ನು ಎಡದಿಂದ ಬಲಕ್ಕೆ ಬರೆದಿದ್ದೇನೆ.